ಉಪ್ಪು ಬೆವರಿನ ಕೂಸುಗಳಿಗಾಗಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು

ವಿಷಯ: ನವಜಾತ ಶಿಶುಗಳ ಹಿಮ್ಮಡಿ ರಕ್ತ ಪರೀಕ್ಷೆಯಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಸೇರಿಸುವುದು ಹಾಗೂ ಕಲಬುರಗಿ ವಿಭಾಗದಲ್ಲಿ ಬೆವರು ಪರೀಕ್ಷೆಗೆ ಅನುದಾನ ಒದಗಿಸುವುದು.

ಮಾನ್ಯರೇ,

ನಾನು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. 2010ರಿಂದ ಈ ಕೆಲಸದಲ್ಲಿದ್ದೇನೆ. ಊರಿನ ಪ್ರತಿ ಕೂಸನ್ನೂ ತಿಂಗಳಿಗೊಮ್ಮೆ ತಕ್ಕಡಿಗೆ ಹಾಕಿ, ತೂಕ ಬರೆದು, ಹಸಿರು, ಹಳದಿ, ಕೆಂಪು ಪಟ್ಟಿಯಲ್ಲಿ ಚುಕ್ಕಿ ಇಡುವವಳು ನಾನೇ. ಆ ಚುಕ್ಕಿಗಳಲ್ಲಿ ನನ್ನ ಸ್ವಂತ ಮಗಳ ಚುಕ್ಕಿ ಐದು ವರ್ಷ ಕೆಂಪು ಬಿಟ್ಟು ಮೇಲೇಳಲಿಲ್ಲ. ಅವಳಿಗಿಂತ ಮೊದಲು ಹುಟ್ಟಿದ ಮಗನ ಹೆಸರಿನ ಮುಂದೆ ಮೂರೇ ಚುಕ್ಕಿಗಳಿವೆ. ಅವರಿಬ್ಬರ ಕಥೆಯನ್ನು ತಮ್ಮ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ. ಅನುಕಂಪಕ್ಕಾಗಿ ಬರೆಯುತ್ತಿಲ್ಲ. ಒಂದು ಹನಿ ರಕ್ತದ ಪರೀಕ್ಷೆಗೆ ಸರ್ಕಾರ ಹಣ ಕೊಡಬೇಕೆಂದು ಕೇಳಲು ಬರೆಯುತ್ತಿದ್ದೇನೆ.

ಮಗ ಹುಟ್ಟಿದ್ದು 2013ರ ಫೆಬ್ರವರಿಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ. ಹೆರಿಗೆ ಸುಸೂತ್ರವಾಗಿತ್ತು, ತೂಕ ಎರಡೂಮುಕ್ಕಾಲು ಕಿಲೋ. ಮೊದಲ ವಾರದಲ್ಲೇ ಹಣೆಗೆ ಮುತ್ತು ಕೊಟ್ಟಾಗ ತುಟಿಗೆ ಉಪ್ಪು ಹತ್ತಿತು. ಒಣಗಿದ ಮೇಲೆ ಹಣೆಯ ಮೇಲೆ, ಕಿವಿಯ ಹಿಂದೆ ಬಿಳಿ ಪುಡಿಯಂತೆ ಕಾಣುತ್ತಿತ್ತು. ಅತ್ತೆಗೆ ಹೇಳಿದೆ. "ನಮ್ಮ ರಾಯಚೂರ ಬಿಸಲಾಗ ಯಾರ ಬೆವರು ಸಪ್ಪಗಿರತೈತಿ?" ಅಂದರು. ಕೂಸಿನ ತೂಕ ನೋಡಲು ಬಂದ ನರ್ಸಮ್ಮನಿಗೂ ಹೇಳಿದೆ, ಅವರೂ ನಕ್ಕರು. ಅವರ ತಪ್ಪೇನೂ ಇರಲಿಲ್ಲ. ನನಗೆ ಕೊಟ್ಟ ತರಬೇತಿಯಲ್ಲೂ ಅವರಿಗೆ ಕೊಟ್ಟ ತರಬೇತಿಯಲ್ಲೂ ಉಪ್ಪಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮೇ ತಿಂಗಳ ಬಿಸಿಲಿಗೆ ಕೂಸು ಬಾಡತೊಡಗಿತು. ಮೊಲೆ ಹಾಲು ಬಿಟ್ಟಿತು, ವಾಂತಿ ಮಾಡಿತು, ಕಣ್ಣು ಗುಳಿ ಬಿದ್ದವು. ಮೂರನೇ ದಿನ ಆಸ್ಪತ್ರೆಯ ದಾರಿಯಲ್ಲಿ ನನ್ನ ಮಡಿಲಲ್ಲೇ ಹೋಯಿತು. ಕಾಗದದಲ್ಲಿ ವಾಂತಿಭೇದಿ ಎಂದು ಬರೆದರು. ಭೇದಿ ಆಗಿರಲೇ ಇಲ್ಲ, ನಾನು ತಾಯಿ, ಬಟ್ಟೆ ಒಗೆದವಳು ನಾನು. ಊರಲ್ಲಿ ಬಾಲಗ್ರಹ ಎಂದರು. ಹತ್ತು ವರ್ಷ ಕಳೆದ ಮೇಲೆ ಮಗಳ ವೈದ್ಯರು ಎಲ್ಲ ಕೇಳಿ, ಬೆವರಿನಲ್ಲಿ ಉಪ್ಪು ಸೋರಿ ಹೋಗಿ ಮಗನ ರಕ್ತದಲ್ಲಿ ಉಪ್ಪು, ಪೊಟ್ಯಾಶಿಯಂ ಕುಸಿದಿರಬಹುದು ಎಂದರು. ಈ ಕಾಯಿಲೆಯ ಮಕ್ಕಳು ಬಿಸಿಲು ನಾಡಿನಲ್ಲಿ ಹೀಗೆ ಹೋಗುವುದು ಹೊಸದಲ್ಲವಂತೆ. ಅದೇ ಕಾರಣ ಎಂದು ಸಾಬೀತು ಮಾಡಲು ಈಗ ನನ್ನ ಬಳಿ ಏನೂ ಇಲ್ಲ. ಹುಟ್ಟಿದಾಗ ಯಾರೂ ಒಂದು ಹನಿ ರಕ್ತ ತೆಗೆದಿಟ್ಟಿರಲಿಲ್ಲ.

ಮಗಳು 2015ರ ಆಗಸ್ಟ್‌ನಲ್ಲಿ ಹುಟ್ಟಿದಳು. ಅವಳ ಹಣೆಯೂ ಉಪ್ಪೇ. ಆ ಬಾರಿ ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಅದೇ ಆದೀತೆಂಬ ಭಯ. ಬಿಸಿಲು ತಾಕದಂತೆ ಒದ್ದೆ ಸೀರೆಯ ತೊಟ್ಟಿಲಲ್ಲಿ ಬೆಳೆಸಿದೆ. ಬದುಕಿದಳು, ಆದರೆ ಬೆಳೆಯಲಿಲ್ಲ. ಉಣ್ಣಲು ಕೊಟ್ಟಷ್ಟೂ ಉಣ್ಣುತ್ತಿದ್ದಳು, ಇನ್ನೊಬ್ಬರ ತಟ್ಟೆಗೂ ಕೈ ಹಾಕುತ್ತಿದ್ದಳು. ಉಂಡದ್ದೆಲ್ಲ ಎಣ್ಣೆ ಎಣ್ಣೆಯಾಗಿ, ನಾತವಾಗಿ ಹೊರಗೆ ಹೋಗುತ್ತಿತ್ತು. ಎರಡು ವರ್ಷಕ್ಕೆ ಏಳು ಕಿಲೋ ಇನ್ನೂರು ಗ್ರಾಂ. "ಟೀಚರ್ ಮಗಳೇ ಕೆಂಪು ಪಟ್ಟಿಯಾಗ ಅದಾಳ" ಎಂದು ತಾಯಂದಿರು ಮಾತಾಡಿಕೊಳ್ಳುವುದು ಕಿವಿಗೆ ಬೀಳುತ್ತಿತ್ತು. ಬೇರೆಯವರ ಮಕ್ಕಳಿಗೆ ಪೌಷ್ಟಿಕ ಆಹಾರದ ಪಾಠ ಹೇಳಬೇಕಾದವಳಿಗೆ ಅದಕ್ಕಿಂತ ದೊಡ್ಡ ನಾಚಿಕೆ ಏನಿದೆ? ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರದಲ್ಲಿ 14 ದಿನ ಇಟ್ಟುಕೊಂಡರು, ನಾಲ್ಕು ನೂರು ಗ್ರಾಂ ಏರಿತು, ಮನೆಗೆ ಬಂದು ತಿಂಗಳಲ್ಲಿ ಇಳಿಯಿತು. ಅಲ್ಲಿ ನನಗೆ ಕೈ ತೊಳೆಯುವುದನ್ನೂ ಮೊಟ್ಟೆ ಬೇಯಿಸುವುದನ್ನೂ ಕಲಿಸಿದರು.

ಆಮೇಲೆ ಕೆಮ್ಮು ಶುರುವಾಯಿತು, ನಿಲ್ಲದ ಕೆಮ್ಮು. ನಾಲ್ಕನೇ ವರ್ಷದಲ್ಲಿ ಎದೆಯ ಎಕ್ಸ್‌ರೇ ನೋಡಿ ಕ್ಷಯ ಎಂದರು. ಕಫದಲ್ಲಿ ಕ್ಷಯದ ಕ್ರಿಮಿ ಸಿಕ್ಕಿರಲಿಲ್ಲ. ಮಕ್ಕಳಲ್ಲಿ ಹಾಗಾಗುತ್ತದೆ ಎಂದು ಆರು ತಿಂಗಳ ಮಾತ್ರೆ ಕೊಟ್ಟರು, ಒಂದು ದಿನವೂ ತಪ್ಪಿಸದೆ ನುಂಗಿಸಿದೆ. ಆರನೇ ವರ್ಷದಲ್ಲಿ ಮತ್ತೆ ಅದೇ ಎಕ್ಸ್‌ರೇ, ಅದೇ ಮಾತು, ಇನ್ನೊಂದು ಸುತ್ತಿನ ಮಾತ್ರೆ. ಖಾಸಗಿ ಆಸ್ಪತ್ರೆಗಳ ಬಿಲ್ಲಿಗೆ ಒಂದೆಕರೆ ಹೊಲ ಹೋಯಿತು. ಆ ಏಳು ವರ್ಷ ನನ್ನ ಮಗಳು ಸರ್ಕಾರದ ಕಣ್ಣಿಗೆ ಕಾಣದವಳಾಗಿರಲಿಲ್ಲ ಎಂಬುದನ್ನು ತಾವು ಗಮನಿಸಬೇಕು. ತಾಯಿ ಕಾರ್ಡಿನಲ್ಲಿದ್ದಳು, ಲಸಿಕೆ ಪುಸ್ತಕದಲ್ಲಿದ್ದಳು, ಅಪೌಷ್ಟಿಕ ಮಕ್ಕಳ ಪಟ್ಟಿಯಲ್ಲಿದ್ದಳು, ಕ್ಷಯ ರೋಗಿಗಳ ದಾಖಲೆಯಲ್ಲಿ ಎರಡು ಸಲ ಇದ್ದಳು. ಎಲ್ಲರೂ ಅವಳನ್ನು ತೂಗಿದರು, ಬರೆದುಕೊಂಡರು.

ಏಳನೇ ವರ್ಷದಲ್ಲಿ ಒಬ್ಬ ಕಿರಿಯ ವೈದ್ಯರು ಅವಳ ಕೈ ಹಿಡಿದು ಬೆರಳ ತುದಿ ನೋಡಿದರು. ಉಗುರಿನ ಬುಡ ಉಬ್ಬಿ ಬೆರಳ ತುದಿಗಳು ಡೋಲು ಬಾರಿಸುವ ಕೋಲಿನಂತಾಗಿದ್ದವು. ನನ್ನ ಕಡೆ ತಿರುಗಿ, "ಅಮ್ಮಾ, ಮುತ್ತು ಕೊಟ್ಟಾಗ ಇವಳ ಮೈ ಉಪ್ಪುಪ್ಪಾಗಿರುತ್ತದಾ?" ಎಂದು ಕೇಳಿದರು. ಹತ್ತು ವರ್ಷದಿಂದ ಯಾರೂ ಕೇಳದ ಆ ಪ್ರಶ್ನೆಗೆ ಉತ್ತರ ಹೇಳಲಾಗದೆ ಅಲ್ಲೇ ಕೂತು ಅತ್ತುಬಿಟ್ಟೆ. ಅವರು ಚೀಟಿ ಬರೆದುಕೊಟ್ಟರು. ಆ ಚೀಟಿಯಲ್ಲಿದ್ದ ಬೆವರು ಪರೀಕ್ಷೆಗೆ ನಾವು ರಾತ್ರಿ ರೈಲು ಹತ್ತಿ ಬೇರೆ ರಾಜ್ಯಕ್ಕೆ ಹೋಗಬೇಕಾಯಿತು. ತೋಳಿಗೆ ಔಷಧಿ ಹಚ್ಚಿ, ಸಣ್ಣಗೆ ವಿದ್ಯುತ್ ಹರಿಸಿ, ಅರ್ಧ ಗಂಟೆ ಬೆವರು ಹಿಡಿದು, ಅದರಲ್ಲಿನ ಕ್ಲೋರೈಡ್ ಅಳೆದರು. 60 ದಾಟಿದರೆ ರೋಗ. ಮಗಳದ್ದು 104.

ರೋಗದ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಕನ್ನಡದಲ್ಲಿ ಇದಕ್ಕೊಂದು ಹೆಸರೂ ಇಲ್ಲ, ನಾನು ಉಪ್ಪು ಬೆವರಿನ ಜಡ್ಡು ಅನ್ನುತ್ತೇನೆ. ವೈದ್ಯರು ತಿಳಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮೈಯ ಕಣಗಳ ಗೋಡೆಯಲ್ಲಿ ಉಪ್ಪು, ನೀರು ಆಚೀಚೆ ಹೋಗಲು ಕೆರೆಯ ತೂಬಿನಂಥ ಬಾಗಿಲಿದೆ. ಅದನ್ನು ಮಾಡುವ ವಂಶವಾಹಿ ಏಳನೇ ವರ್ಣತಂತುವಿನಲ್ಲಿದೆ, ವಿಜ್ಞಾನಿಗಳು ಅದನ್ನು 1989ರಲ್ಲಿ ಕಂಡುಹಿಡಿದರು. ತೂಬು ಕೆಟ್ಟರೆ ಕಾಲುವೆಯಲ್ಲಿ ನೀರು ಹರಿಯದೆ ಹೂಳು ತುಂಬುವ ಹಾಗೆ ಶ್ವಾಸಕೋಶದ ನಾಳಗಳಲ್ಲಿ ಕಫ ಅಂಟಂಟಾಗಿ ಕೂರುತ್ತದೆ, ಅದರಲ್ಲಿ ಕ್ರಿಮಿಗಳು ಮನೆ ಮಾಡುತ್ತವೆ. ಮೇದೋಜೀರಕದ ನಾಳವೂ ಕಟ್ಟುತ್ತದೆ, ಹೀಗಾಗಿ ಉಂಡ ಜಿಡ್ಡು ಜೀರ್ಣವಾಗುವುದಿಲ್ಲ. ಚರ್ಮದಲ್ಲಿ ಮಾತ್ರ ತಿರುವು ಮುರುವು: ಬೆವರಿನಿಂದ ವಾಪಸ್ ಹೀರಬೇಕಾದ ಉಪ್ಪು ಹೊರಗೇ ಉಳಿಯುತ್ತದೆ. ತಂದೆ ತಾಯಿ ಇಬ್ಬರಲ್ಲೂ ಆ ವಂಶವಾಹಿಯ ಕೆಟ್ಟ ಪ್ರತಿ ಒಂದೊಂದಿದ್ದರೆ ಅವರಿಗೆ ಏನೂ ಆಗುವುದಿಲ್ಲ. ಪ್ರತಿ ಬಸಿರಿನಲ್ಲೂ ಕೂಸಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಈ ರೋಗದ ಗುಟ್ಟು ಬಿಟ್ಟುಕೊಟ್ಟದ್ದೇ ಬಿಸಿಲು. 1948ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಬಿಸಿಗಾಳಿ ಬೀಸಿದಾಗ ಮೈಯ ನೀರು ಬತ್ತಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಹಲವರು ಈ ರೋಗದವರಾಗಿದ್ದರು. ಪಾಲ್ ಡಿ ಸ್ಯಾಂಟ್ ಆಗ್ನೀಸ್ ಎಂಬ ವೈದ್ಯರು ಅದರ ಬೆನ್ನು ಹತ್ತಿ, ತೊಂದರೆ ಇರುವುದು ಬೆವರಿನ ಉಪ್ಪಿನಲ್ಲಿ ಎಂದು 1953ರಲ್ಲಿ ತೋರಿಸಿದರು. ನನ್ನ ಮಗಳ ತೋಳಿನ ಮೇಲೆ ಮಾಡಿದ ಪರೀಕ್ಷೆ 1959ರಿಂದ ಇದೆ. ಮಾನ್ಯರೇ, ಅದು ನನ್ನ ತಾಯಿಗಿಂತ ಹಳೆಯದು. ನಾಲ್ಕೈದು ದಿನದ ಬಿಸಿಗಾಳಿಯಲ್ಲಿ ನ್ಯೂಯಾರ್ಕಿನವರು ಕಂಡದ್ದನ್ನು ಪ್ರತಿ ವರ್ಷ 42 ಡಿಗ್ರಿ ಸುಡುವ ರಾಯಚೂರಿನಲ್ಲಿ ನಾವು ಇನ್ನೂ ಕಂಡಿಲ್ಲ.

ರೋಗ ಹುಟ್ಟಿದಾಗಲೇ ಹಿಡಿಯಬಹುದು. ನವಜಾತ ಶಿಶುವಿನ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ರಕ್ತದ ಚುಕ್ಕಿ ಒಣಗಿಸಿ ಟ್ರಿಪ್ಸಿನೋಜನ್ ಎಂಬ ವಸ್ತುವನ್ನು ಅಳೆಯುತ್ತಾರೆ. ಮೇದೋಜೀರಕದ ನಾಳ ಕಟ್ಟಿದ್ದರೆ ಅದು ರಕ್ತಕ್ಕೆ ಸೋರಿ ಹೆಚ್ಚಾಗಿರುತ್ತದೆ. ನ್ಯೂಜಿಲೆಂಡಿನ ವೈದ್ಯರು ಇದನ್ನು 1979ರಲ್ಲೇ ತೋರಿಸಿಕೊಟ್ಟರು. ಬ್ರಿಟನ್ 2007ರ ಹೊತ್ತಿಗೆ, ಅಮೆರಿಕದ ಎಲ್ಲ ರಾಜ್ಯಗಳು 2010ರ ಹೊತ್ತಿಗೆ ಪ್ರತಿ ಕೂಸಿಗೂ ಈ ಪರೀಕ್ಷೆ ಮಾಡತೊಡಗಿದವು. ಈ ಗುರುತನ್ನು ಮೊದಲ ಕೆಲವು ವಾರಗಳಲ್ಲಿ ಮಾತ್ರ ನಂಬಬಹುದು, ಆಮೇಲೆ ಅದು ತಾನಾಗಿ ಇಳಿಯುತ್ತದೆ. ಆ ವಾರಗಳು ತಪ್ಪಿದರೆ ರೋಗ ತಾನೇ ಬಾಯಿ ಬಿಡುವವರೆಗೆ ಕಾಯಬೇಕು. ನನ್ನ ಮಗಳಲ್ಲಿ ಅದು ಬಾಯಿ ಬಿಟ್ಟಾಗ ಬಲ ಶ್ವಾಸಕೋಶದ ಮೇಲ್ಭಾಗ ಹಾಳಾಗಿತ್ತು, ಸ್ಯೂಡೊಮೊನಾಸ್ ಎಂಬ ಹಟಮಾರಿ ಕ್ರಿಮಿ ನೆಲೆ ನಿಂತಿತ್ತು. ಹಾಳಾದ ಆ ಭಾಗ ಮತ್ತೆ ಬರುವುದಿಲ್ಲ.

ಇದು ಅಪರೂಪದ ರೋಗ, ನಮ್ಮಲ್ಲಿ ಎಷ್ಟು ಜನರಿಗಿದ್ದೀತು ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೊರದೇಶಗಳಲ್ಲಿ ನೆಲೆಸಿದ ಭಾರತ ಮೂಲದ ಮಕ್ಕಳಲ್ಲಿ 10,000ದಿಂದ 40,000 ಹೆರಿಗೆಗೆ ಒಂದು ಎಂಬ ಅಂದಾಜಿದೆ. ದೆಹಲಿಯ ವೈದ್ಯರ ಲೆಕ್ಕದಲ್ಲಿ ಅದು ಸುಮಾರು 43,000ದಿಂದ 1 ಲಕ್ಷಕ್ಕೆ ಒಂದು. ನಮ್ಮ ರಾಜ್ಯದಲ್ಲಿ ವರ್ಷಕ್ಕೆ 10 ಲಕ್ಷದ ಆಸುಪಾಸು ಹೆರಿಗೆ. ಅತಿ ಕಡಿಮೆ ಅಂದಾಜು ಹಿಡಿದರೂ ವರ್ಷಕ್ಕೆ ಹತ್ತು ಕೂಸು, ಹೆಚ್ಚಿನದು ಹಿಡಿದರೆ ನೂರು. ಈ ಅಂದಾಜುಗಳು ಇಷ್ಟು ದೂರ ದೂರ ಇರುವುದು ನಾವು ಎಣಿಸದ ಕಾರಣಕ್ಕೆ. ಎಣಿಸದೆ ಅಪರೂಪ ಎಂದು ಹೇಳಬಾರದು. ಅಪೌಷ್ಟಿಕತೆ, ನ್ಯುಮೋನಿಯಾ, ಕ್ಷಯ ಎಂದು ಬರೆದುಹೋದ ಹೆಸರುಗಳ ಕೆಳಗೆ ಎಷ್ಟು ಉಪ್ಪು ಬೆವರಿನ ಕೂಸುಗಳು ಸೇರಿಹೋಗಿವೆಯೋ ಯಾರು ಬಲ್ಲರು?

ಇನ್ನೊಂದು ಮಾತನ್ನು ನಾನೇ ಬಿಚ್ಚಿ ಹೇಳುತ್ತೇನೆ, ಏಕೆಂದರೆ ಆಸ್ಪತ್ರೆಗಳಲ್ಲಿ ಇದನ್ನು ನನ್ನ ಮುಖಕ್ಕೆ ಎಸೆದಿದ್ದಾರೆ. ನನ್ನ ಗಂಡ ನನ್ನ ಸೋದರಮಾವ. ನಮ್ಮ ರಾಜ್ಯದ ಮದುವೆಗಳಲ್ಲಿ ಸುಮಾರು ಕಾಲು ಭಾಗ ರಕ್ತಸಂಬಂಧದಲ್ಲೇ ಆಗುತ್ತವೆ ಎನ್ನುತ್ತದೆ ಸರ್ಕಾರದ ಕುಟುಂಬ ಆರೋಗ್ಯ ಸಮೀಕ್ಷೆ. ಹದಿನೆಂಟಕ್ಕೆ ನನ್ನನ್ನು ಕೊಟ್ಟಾಗ ಹೊಲ ಒಡೆಯಬಾರದು, ಮಗಳು ದೂರ ಹೋಗಬಾರದು ಎಂಬುದು ಹಿರಿಯರ ಲೆಕ್ಕವಾಗಿತ್ತು, ನನ್ನನ್ನು ಯಾರೂ ಕೇಳಿರಲಿಲ್ಲ. ಇಂಥ ಮದುವೆಯಲ್ಲಿ ಒಂದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬರುವ ಸಾಧ್ಯತೆ ಹೆಚ್ಚು, ನಿಜ. ಸಂಬಂಧವೇ ಇಲ್ಲದ ಗಂಡ ಹೆಂಡಿರ ಮಕ್ಕಳಿಗೂ ಈ ರೋಗ ಬರುತ್ತದೆ ಎಂಬುದೂ ಅಷ್ಟೇ ನಿಜ. "ಸಂಬಂಧದಾಗ ಮದುವಿ ಆಗೀರಿ, ಅನುಭವಿಸ್ರಿ" ಎನ್ನುವುದು ಚಿಕಿತ್ಸೆಯಲ್ಲ. ಕಾಲು ಭಾಗ ಜನ ಸಂಬಂಧದಲ್ಲಿ ಮದುವೆಯಾಗುವ ರಾಜ್ಯವು ಆನುವಂಶಿಕ ರೋಗದ ಪರೀಕ್ಷೆಯಲ್ಲಿ ದೇಶಕ್ಕೇ ಮುಂದಿರಬೇಕಿತ್ತು.

ಹೊಸ ಕಟ್ಟಡ, ಹೊಸ ಇಲಾಖೆ ಬೇಕೆಂದು ನಾನು ಕೇಳುತ್ತಿಲ್ಲ. ನಮ್ಮಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ, ಅಂದರೆ ಕೂಸಿನ ಹಿಮ್ಮಡಿ ಸರ್ಕಾರದ ಕೈಗೆ ಸಿಕ್ಕೇ ಸಿಗುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನನ್ನ ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತದೆ. ಅದರ 30 ತೊಂದರೆಗಳ ಪಟ್ಟಿಯ ಕೊನೆಯಲ್ಲಿ ಥೈರಾಯ್ಡ್ ಕೊರತೆ, ಕುಡಗೋಲು ಕಣ ರೋಗ, ಥಲಸ್ಸೀಮಿಯಾಗಳನ್ನು ಐಚ್ಛಿಕವಾಗಿ ಇಟ್ಟಿದ್ದಾರೆ. ಕುಡಗೋಲು ಕಣ ರೋಗಕ್ಕೆ 2023ರ ಜುಲೈನಲ್ಲಿ ಕೇಂದ್ರವೇ ಅಭಿಯಾನ ಆರಂಭಿಸಿತು, 17 ರಾಜ್ಯಗಳಲ್ಲಿ 7 ಕೋಟಿ ಜನರನ್ನು ಪರೀಕ್ಷಿಸುವುದು ಅದರ ಗುರಿ, ನಮ್ಮ ರಾಜ್ಯವೂ ಅದರಲ್ಲಿದೆ. ವಂಶದಿಂದ ಬರುವ ರೋಗವನ್ನು ಸರ್ಕಾರದ ಹಣದಲ್ಲಿ ಮೊದಲೇ ಹುಡುಕಬೇಕು ಎಂಬ ತತ್ವವನ್ನು ತಾವು ಆಗಲೇ ಒಪ್ಪಿದ್ದೀರಿ. ನೆರೆಯ ಗೋವಾ 2008ರಲ್ಲೇ ಸರ್ಕಾರಿ ವೆಚ್ಚದಲ್ಲಿ ನವಜಾತ ಶಿಶುಗಳ ರಕ್ತ ಪರೀಕ್ಷೆ ಆರಂಭಿಸಿತ್ತು.

ನನ್ನ ಮೊದಲ ಬೇಡಿಕೆ ಬೆವರು ಪರೀಕ್ಷೆ. ಕಲಬುರಗಿ, ಬೆಳಗಾವಿ, ಮೈಸೂರು, ಬೆಂಗಳೂರು, ಈ ನಾಲ್ಕು ವಿಭಾಗಗಳಲ್ಲಿ ಒಂದೊಂದು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಉಚಿತವಾಗಿ ಈ ಪರೀಕ್ಷೆ ಸಿಗಬೇಕು. ಇದಕ್ಕೆ ಕೋಟಿಗಳ ಯಂತ್ರ ಬೇಡ, ತರಬೇತಾದ ಇಬ್ಬರು ತಂತ್ರಜ್ಞರು ಮತ್ತು ವಾರಕ್ಕೆ ಎರಡು ನಿಗದಿತ ದಿನ ಬೇಕು. ಅದರ ಜೊತೆಗೆ ಒಂದು ಸುತ್ತೋಲೆ ಹೋಗಲಿ: ಕ್ರಿಮಿ ಸಿಗದೆ ಎರಡನೇ ಸಲ ಕ್ಷಯದ ಮಾತ್ರೆ ಶುರು ಮಾಡುವ ಪ್ರತಿ ಮಗುವನ್ನೂ, ಪುನಶ್ಚೇತನ ಕೇಂದ್ರದಿಂದ ಹೋದ ಮೇಲೂ ತೂಕ ಏರದ ಪ್ರತಿ ಮಗುವನ್ನೂ ಒಮ್ಮೆ ಬೆವರು ಪರೀಕ್ಷೆಗೆ ಕಳಿಸಿ ಎಂದು. ಅಂಗನವಾಡಿ, ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ "ಕೂಸಿನ ಮೈ ಉಪ್ಪುಪ್ಪಾಗಿದೆಯೇ" ಎಂಬ ಪ್ರಶ್ನೆ ಸೇರಲಿ. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಎರಡನೆಯದು ಹಿಮ್ಮಡಿ ರಕ್ತ. ಒಮ್ಮೆಗೇ ಇಡೀ ರಾಜ್ಯಕ್ಕೆ ಆಗದಿದ್ದರೆ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಮೂರು ವರ್ಷ ಪ್ರಾಯೋಗಿಕವಾಗಿ ಮಾಡಿ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆಂದೇ ಪ್ರದೇಶಾಭಿವೃದ್ಧಿ ಮಂಡಳಿ ಇದೆ, 2023-24ರ ಬಜೆಟ್‌ನಲ್ಲಿ ಅದಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ರಸ್ತೆ, ಸಮುದಾಯ ಭವನಗಳಿಗೆ ಹೋಗುವ ಆ ಹಣದಲ್ಲಿ ಒಂದು ಸಣ್ಣ ಪಾಲು ಕೂಸುಗಳ ಹಿಮ್ಮಡಿಗೂ ಬರಲಿ. ಟ್ರಿಪ್ಸಿನೋಜನ್ ಹೆಚ್ಚು ಬಂದ ಕೂಸುಗಳಲ್ಲಿ ಬಹುಪಾಲಿಗೆ ರೋಗ ಇರುವುದಿಲ್ಲ ಎಂದು ನನಗೆ ಗೊತ್ತು. ಅದಕ್ಕೇ ಮೊದಲು ಬೆವರು ಪರೀಕ್ಷೆಯ ವ್ಯವಸ್ಥೆ ಆಗಲಿ ಎನ್ನುತ್ತಿದ್ದೇನೆ. ತಾಯಿಯ ಎದೆಯಲ್ಲಿ ಭಯ ಬಿತ್ತಿ, ಖಾತ್ರಿ ಮಾಡಿಕೊಳ್ಳಲು ಜಾಗವಿಲ್ಲದೆ ಕಳಿಸುವುದು ಪರೀಕ್ಷೆ ಮಾಡದಿರುವುದಕ್ಕಿಂತ ಕ್ರೂರ.

ವಂಶವಾಹಿ ಪರೀಕ್ಷೆಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಯುರೋಪಿನಲ್ಲಿ ಈ ರೋಗದ ಕೆಟ್ಟ ಪ್ರತಿಗಳಲ್ಲಿ ನೂರಕ್ಕೆ ಸುಮಾರು 70 ಒಂದೇ ಬಗೆಯ ದೋಷ ಇರುವಂಥವು, ನಮ್ಮ ದೇಶದಲ್ಲಿ ಅದರ ಪಾಲು ಅಷ್ಟಿಲ್ಲ. ನನ್ನ ಮಗಳಲ್ಲಿ ಆ ದೋಷ ಇಲ್ಲವೇ ಇಲ್ಲ, ಬೇರೊಂದು ವಿರಳ ದೋಷ ಜೋಡಿಯಾಗಿದೆ. ಹೊರಗಿನಿಂದ ತಂದ ಸಿದ್ಧ ಪಟ್ಟಿಯಲ್ಲಿ ಹುಡುಕಿದ್ದರೆ ಅವಳಿಗೆ ರೋಗವಿಲ್ಲ ಎಂದೇ ಬರುತ್ತಿತ್ತು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಅಪರೂಪದ ರೋಗಗಳ ಉತ್ಕೃಷ್ಟತಾ ಕೇಂದ್ರವಾಗಿವೆ. ನಮ್ಮ ಜನರಲ್ಲಿ ಯಾವ ದೋಷಗಳಿವೆ ಎಂಬ ಪಟ್ಟಿ ಮಾಡುವ ಕೆಲಸಕ್ಕೆ ಅವರಿಗೆ ಪ್ರತ್ಯೇಕ ಹಣ ಕೊಡಿ.

ಪತ್ತೆ ಮಾಡಿ ಕೈಬಿಟ್ಟರೆ ಪ್ರಯೋಜನವಿಲ್ಲ. ಮಗಳು ಪ್ರತಿ ಊಟಕ್ಕೂ ಜಿಡ್ಡು ಜೀರ್ಣಿಸುವ ಕಿಣ್ವದ ಗುಳಿಗೆ ನುಂಗಬೇಕು, ದಿನಕ್ಕೆರಡು ಸಲ ಉಪ್ಪುನೀರಿನ ಆವಿ ತೆಗೆದುಕೊಳ್ಳಬೇಕು. ನಾನು ಬೆನ್ನು ತಟ್ಟಿ ತಟ್ಟಿ ಕಫ ಇಳಿಸಬೇಕು. ಬೇಸಿಗೆಯಲ್ಲಿ ಉಪ್ಪಿನ ಪುಡಿ ಬೇರೆ. ನನ್ನ ಗೌರವಧನದ ಬಹುಪಾಲು ಗುಳಿಗೆಗೇ ಹೋಗುತ್ತದೆ. 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿ ಈ ಕಿಣ್ವ ಚಿಕಿತ್ಸೆಯನ್ನು ದೀರ್ಘಕಾಲ ಚಿಕಿತ್ಸೆ ಬೇಕಾದ ರೋಗಗಳ ಎರಡನೇ ಗುಂಪಿನಲ್ಲಿ ಹೆಸರಿಸಿದೆ. ಆ ನೀತಿಯಡಿ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ, ಆದರೆ ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕು. ಕಿಣ್ವದ ಗುಳಿಗೆ, ಆವಿಯ ಔಷಧಿಗಳನ್ನು ರಾಜ್ಯದ ಔಷಧ ಖರೀದಿ ಪಟ್ಟಿಗೆ ಸೇರಿಸಿ ಜಿಲ್ಲಾಸ್ಪತ್ರೆಯಲ್ಲೇ ಕೊಡಿ. ಗುಳಿಗೆ ಶುರುವಾದ ಮೊದಲ ಎಂಟು ತಿಂಗಳಲ್ಲಿ ಮಗಳ ತೂಕ ನಾಲ್ಕು ಕಿಲೋ ಏರಿತು. ಏಳು ವರ್ಷದಿಂದ ಇಳಿಮುಖವಾಗಿದ್ದ ಗೆರೆ ಮೊದಲ ಬಾರಿ ಮೇಲೆ ತಿರುಗಿದ್ದನ್ನು ನಾನೇ ಪುಸ್ತಕದಲ್ಲಿ ಬರೆದೆ. ಈಗ ಅವಳಿಗೆ ಹತ್ತು ವರ್ಷ, ಐದನೇ ತರಗತಿ. ಓಡಿದರೆ ಉಸಿರು ಹಿಡಿಯುತ್ತದೆ, ಆದರೂ ಓಡುತ್ತಾಳೆ.

ಸರ್ಕಾರಕ್ಕೆ ಖರ್ಚು ಎನ್ನುವವರಿಗೆ ಒಂದು ಮಾತು. ನನ್ನ ಮಗಳ ಮೇಲೆ ಸರ್ಕಾರ ಆಗಲೇ ಖರ್ಚು ಮಾಡಿದೆ. 14 ದಿನದ ಪುನಶ್ಚೇತನ, ಎರಡು ಸುತ್ತು ಕ್ಷಯದ ಮಾತ್ರೆ, ಏಳೆಂಟು ಸಲ ನ್ಯುಮೋನಿಯಾಕ್ಕೆ ಹಾಸಿಗೆ, ಎಲ್ಲವೂ ಇಲ್ಲದ ರೋಗಕ್ಕೆ. ಇದ್ದ ರೋಗಕ್ಕೆ ಹುಟ್ಟಿದ ಮೂರನೇ ದಿನ ಒಂದು ಹನಿ ರಕ್ತ ಸಾಕಿತ್ತು.

ಈ ಪತ್ರವನ್ನು ಈಗಲೇ ಬರೆಯಲು ಕಾರಣವಿದೆ. ನನ್ನ ತಂಗಿಯನ್ನು ನನ್ನ ಗಂಡನ ತಮ್ಮನಿಗೇ ಕೊಟ್ಟಿದ್ದಾರೆ. ಅವಳಿಗೆ ಈಗ ಐದು ತಿಂಗಳು, ಬೇಸಿಗೆ ಶುರುವಾಗುವ ಹೊತ್ತಿಗೆ ಹೆರಿಗೆ. ನಮ್ಮಂತೆ ಅವರಿಬ್ಬರಲ್ಲೂ ಆ ಕೆಟ್ಟ ಪ್ರತಿ ಇದೆಯೋ ಇಲ್ಲವೋ ಪರೀಕ್ಷಿಸಿಲ್ಲ, ಹಣ ಹೊಂದಿಸುತ್ತಿದ್ದೇವೆ. ಕೂಸು ಸರ್ಕಾರಿ ಆಸ್ಪತ್ರೆಯಲ್ಲೇ ಹುಟ್ಟುತ್ತದೆ, ನಾನು ಹತ್ತಿರವೇ ಇರುತ್ತೇನೆ. ರಾಯಚೂರಿನಿಂದ ಆ ಒಂದು ಹನಿ ರಕ್ತವನ್ನು ಯಾವ ಸರ್ಕಾರಿ ಪ್ರಯೋಗಾಲಯಕ್ಕೆ, ಯಾರ ಮೂಲಕ, ಎಷ್ಟು ದಿನದೊಳಗೆ ಕಳಿಸಬೇಕು ಎಂಬುದನ್ನು ಹೆರಿಗೆಗೆ ಮೊದಲೇ ನಮ್ಮ ಜಿಲ್ಲಾ ಆರೋಗ್ಯಾಧಿಕಾರಿಗಳ ಮೂಲಕ ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಂಗನವಾಡಿ ಕಾರ್ಯಕರ್ತೆ, ಇಬ್ಬರು ಮಕ್ಕಳ ತಾಯಿ
ಲಿಂಗಸುಗೂರು ತಾಲೂಕು, ರಾಯಚೂರು ಜಿಲ್ಲೆ